ದವಡೆ ಎಲುಬಿಗೆ ಸ್ಕ್ರೂ ಕೂಡಿಸಿ ದಿನಕ್ಕಿಷ್ಟು ಬೆಳೆಸುವ ಆಪರೇಷನ್: ಮಾಡಿಸಿದವರು ಯಾರಾದರೂ ಇದ್ದೀರಾ?

ವಾಡಿ ಟೇಲರ್ | ಜೂನ್ 9, ರಾತ್ರಿ 10:15

ಎಲ್ಲರಿಗೂ ಶರಣು. ನನ್ನ ಮಗನಿಗೆ ಒಂಬತ್ತು ವರ್ಷ. ಬಾಯಿ ತೆರೆಯುವುದಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನಾಲ್ಕು ಮಿಲಿಮೀಟರ್. ಅಂಗಡಿಯ ಟೇಪಿನಿಂದ ನಾನೇ ಅಳೆದಿದ್ದೇನೆ. ಶರ್ಟಿನ ಎರಡು ಗುಂಡಿಗಳನ್ನು ಒಂದರ ಮೇಲೊಂದು ಇಟ್ಟಷ್ಟು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಕಿವುಚಿ, ಬೆರಳಿನಿಂದ ಕೆನ್ನೆಯ ಕಡೆಯ ಸಂದಿಯಲ್ಲಿ ತೂರಿಸಿಕೊಳ್ಳುತ್ತಾನೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಶಾಲೆಯಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲವಾದ್ದರಿಂದ ಬಿಸಿಯೂಟ ತಿನ್ನುವುದನ್ನೇ ಬಿಟ್ಟಿದ್ದಾನೆ.

ಮೂರು ವರ್ಷದವನಿದ್ದಾಗ ಮನೆಯ ಮುಂದಿನ ಫರಸಿ ಕಲ್ಲಿನ ಮೆಟ್ಟಿಲ ಮೇಲೆ ಗದ್ದ ಊರಿ ಬಿದ್ದಿದ್ದ. ಗದ್ದದ ಕೆಳಗೆ ಮೂರು ಹೊಲಿಗೆ ಹಾಕಿಸಿದೆವು. ಗಾಯ ಮಾಯಿತು, ನಾವು ಮರೆತೆವು. ಐದು ವರ್ಷವಾಗುವ ಹೊತ್ತಿಗೆ ಬಾಯಿ ಚಿಕ್ಕದಾಗುತ್ತಾ ಬಂತು. ಗದ್ದ ಬೆಳೆಯಲೇ ಇಲ್ಲ. ಶಾಲೆಯಲ್ಲಿ ಹುಡುಗರು ಗಿಳಿ ಎಂದು ಕರೆಯುತ್ತಾರೆ. ಅದಕ್ಕಿಂತ ರಾತ್ರಿಯದು ಹೆಚ್ಚಿನ ಚಿಂತೆ: ದೊಡ್ಡವರಂತೆ ಗೊರಕೆ ಹೊಡೆಯುತ್ತಾನೆ, ನಡುವೆ ಉಸಿರು ನಿಲ್ಲುತ್ತದೆ, ದಿಗ್ಗನೆ ಎದ್ದು ಕೂರುತ್ತಾನೆ. ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುವುದು ಅಭ್ಯಾಸವಾಗಿದೆ. ಹಗಲು ತರಗತಿಯಲ್ಲಿ ತೂಕಡಿಸುತ್ತಾನೆ.

ಮೊನ್ನೆ ರೈಲು ಹತ್ತಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿದ್ದೆವು. ಕಿವಿಯ ಮುಂದಿನ ಎರಡೂ ಕೀಲುಗಳು ಬೆಸೆದುಕೊಂಡಿವೆ, ಅದರಿಂದ ಕೆಳದವಡೆ ಬೆಳೆದಿಲ್ಲ ಎಂದರು. ಮೊದಲು ದವಡೆಯನ್ನು ಎರಡೂ ಕಡೆ ಕತ್ತರಿಸಿ ಡಿಸ್ಟ್ರಾಕ್ಟರ್ ಎನ್ನುವ ಸಾಧನ ಕೂಡಿಸುತ್ತಾರಂತೆ. ಸ್ಕ್ರೂ ತಿರುಗಿಸುತ್ತಾ ಹೋದರೆ ಎಲುಬು ಉದ್ದವಾಗುತ್ತದಂತೆ. ಕೀಲು ಬಿಡಿಸುವುದು ಆಮೇಲೆ. ಸ್ಕ್ರೂ ತಿರುಗಿಸುವವರು ಯಾರು ಎಂದು ಕೇಳಿದರೆ "ನೀವೇ, ಮನೆಯಲ್ಲಿ" ಎಂದರು. ನನ್ನ ಹೆಂಡತಿ ಅಲ್ಲಿಯೇ ಅತ್ತಳು.

ನಾನು ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಮಕ್ಕಳ ಅಂಗಿ ಹೊಲಿಯುವಾಗ ಒಳಗೆ ಒಂದು ಇಂಚು ಬಟ್ಟೆ ಬಿಟ್ಟಿರುತ್ತೇವೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು. ಎಲುಬಿನಲ್ಲಿ ಆ ಒಂದು ಇಂಚು ಎಲ್ಲಿಂದ ಬರುತ್ತದೆ? ತಿಳಿದವರು ಹೇಳಿ.

ತೊಗರಿ ಹೊಲ | ಜೂನ್ 9, ರಾತ್ರಿ 11:02

ಅಣ್ಣಾ, ಕತ್ತರಿ ಹಾಕಿಸುವ ಮೊದಲು ನೂರು ಸಲ ಯೋಚಿಸಿ. ನಮ್ಮ ಅಫಜಲಪುರದ ಕಡೆ ಎಲುಬು ಕೂಡಿಸುವ ಹಿರಿಯರಿದ್ದಾರೆ. ಬಿಸಿ ಎಣ್ಣೆ ತೀಡಿ, ದವಡೆ ಹಿಡಿದು ಒಮ್ಮೆ ಜಗ್ಗಿದರೆ ಕೀಲು ಬಿಡುತ್ತದೆ. ನನ್ನ ಭುಜ ಅವರೇ ಕೂಡಿಸಿದ್ದು.

ದವಡೆ ವೈದ್ಯ, ಕಲಬುರಗಿ | ಜೂನ್ 10, ಬೆಳಿಗ್ಗೆ 6:30

ತೊಗರಿ ಹೊಲದವರೇ, ನಿಮ್ಮ ಭುಜ ಜಾರಿದ್ದ ಕೀಲು. ಈ ಹುಡುಗನ ಕೀಲು ಜಾರಿಲ್ಲ, ಕೀಲೇ ಉಳಿದಿಲ್ಲ. ದವಡೆಯ ತುದಿಯೂ ತಲೆಬುರುಡೆಯೂ ಸೇರಿ ಒಂದೇ ಮೂಳೆಯ ಗಡ್ಡೆಯಾಗಿದೆ. ಇದನ್ನು ಜಗ್ಗಿದರೆ ಮುರಿಯುವುದು ದವಡೆ ಅಥವಾ ಹಲ್ಲು. ದಯವಿಟ್ಟು ಯಾರೂ ಮಗುವಿನ ಬಾಯಿಯನ್ನು ಬಲವಂತವಾಗಿ ತೆರೆಯಬೇಡಿ.

ಟೇಲರ್ ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಳಗೆ ಬಿಟ್ಟ ಬಟ್ಟೆ ಮೂಳೆಯಲ್ಲಿ ಇಲ್ಲ, ಆದರೆ ಮಗ್ಗ ಇದೆ. ಯಾವ ಮೂಳೆ ಮುರಿದರೂ ಆ ಬಿರುಕಿನಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಕೆಲವು ದಿನಗಳಲ್ಲಿ ಅಲ್ಲಿ ಮೆತ್ತನೆಯ ಎಳೆ ಅಂಗಾಂಶ ಹುಟ್ಟುತ್ತದೆ, ಅದು ಮೆಲ್ಲಗೆ ಗಟ್ಟಿಯಾಗಿ ಮೂಳೆಯಾಗುತ್ತದೆ. ಆ ಅಂಗಾಂಶ ಇನ್ನೂ ಎಳೆಯದಾಗಿರುವಾಗಲೇ ಎರಡು ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಸರಿಸಿದರೆ, ತೆರೆದ ಜಾಗವನ್ನು ದೇಹ ತುಂಬುತ್ತಲೇ ಹೋಗುತ್ತದೆ. ನಾವು ಮಾಡುವುದು ಇಷ್ಟೇ: ದವಡೆಯಲ್ಲಿ ಲೆಕ್ಕ ಹಾಕಿ ಒಂದು ಮುರಿತ ಉಂಟುಮಾಡುತ್ತೇವೆ, ಎರಡು ತುದಿಗೂ ಸಾಧನ ಕೂಡಿಸುತ್ತೇವೆ, ಐದರಿಂದ ಏಳು ದಿನ ಸುಮ್ಮನೆ ಬಿಡುತ್ತೇವೆ. ಆಮೇಲೆ ನಿಮ್ಮ ಸರದಿ.

ದಿನಕ್ಕೆ ಒಂದು ಮಿಲಿಮೀಟರ್ ಎನ್ನುವುದು ಯಾರದೋ ಇಷ್ಟವಲ್ಲ. ಅವಸರ ಮಾಡಿದರೆ ರಕ್ತನಾಳಗಳು ಹಿಂದೆ ಬೀಳುತ್ತವೆ, ನಡುವೆ ಮೂಳೆಯ ಬದಲು ನಾರು ತುಂಬಿಕೊಳ್ಳುತ್ತದೆ. ತೀರ ನಿಧಾನ ಮಾಡಿದರೆ ಅರ್ಧ ದಾರಿಯಲ್ಲೇ ಗಟ್ಟಿಯಾಗಿ, ಸ್ಕ್ರೂ ತಿರುಗುವುದೇ ಇಲ್ಲ. ಬೇಕಾದಷ್ಟು ಉದ್ದವಾದ ಮೇಲೆ ಸಾಧನವನ್ನು ಹಾಗೆಯೇ ಎರಡು ಮೂರು ತಿಂಗಳು ಬಿಡಬೇಕು, ಹೊಸ ಮೂಳೆ ಭಾರ ತಡೆಯುವಷ್ಟು ಬಲಿಯಲಿ ಎಂದು.

ಮೊದಲು ಉದ್ದ ಮಾಡುವುದು, ಆಮೇಲೆ ಕೀಲು ಬಿಡಿಸುವುದು ಎಂಬ ಕ್ರಮವನ್ನು ನಿಮ್ಮ ವೈದ್ಯರು ಆರಿಸಿದ್ದಕ್ಕೆ ಕಾರಣ ಗೊರಕೆ. ದವಡೆ ಹಿಂದೆ ಉಳಿದರೆ ನಾಲಿಗೆಯೂ ಹಿಂದೆ ಉಳಿದು ಉಸಿರಿನ ದಾರಿಗೆ ಅಡ್ಡ ಬರುತ್ತದೆ. ದವಡೆ ಮುಂದೆ ಬಂದರೆ ನಾಲಿಗೆಯ ಬುಡವೂ ಮುಂದೆ ಬರುತ್ತದೆ. ಕೀಲು ಬೆಸೆದೇ ಇರುವುದರಿಂದ ಹಿಂದಿನ ತುದಿ ಅಲುಗದೆ ನಿಂತು, ತಳ್ಳಿದ್ದೆಲ್ಲ ಮುಂದಕ್ಕೇ ಹೋಗುತ್ತದೆ. ಆ ಅನುಕೂಲವೂ ಇದೆ. ಮೊದಲು ಕೀಲು ಬಿಡಿಸಿ ಆಮೇಲೆ ಉದ್ದ ಮಾಡುವವರೂ ಇದ್ದಾರೆ. ಮಗುವನ್ನು ನೋಡದೆ ಯಾವುದು ಸರಿ ಎಂದು ನಾನು ಹೇಳುವುದಿಲ್ಲ.

ದಂತ ಕಾಲೇಜು ಎರಡನೆಯ ಸಾಲು | ಜೂನ್ 10, ಮಧ್ಯಾಹ್ನ 1:20

ಪರೀಕ್ಷೆಗೆ ಓದುತ್ತಿದ್ದೇನೆ, ಆದ್ದರಿಂದ ತಡೆಯಲಾಗುತ್ತಿಲ್ಲ. ಇದರ ಮೂಲ ಕಾಲಿನ ಎಲುಬು. 1905ರಲ್ಲಿ ಇಟಲಿಯ ಕೊಡಿವಿಲ್ಲಾ ತೊಡೆಯ ಎಲುಬನ್ನು ಎಳೆದು ಉದ್ದ ಮಾಡಿದ್ದನ್ನು ಬರೆದಿಟ್ಟರು, ಆದರೆ ಅವಘಡಗಳು ಬಹಳವಾದವು. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಇಲಿಜರಾವ್ ಎಂಬ ವೈದ್ಯರು ಕಾಲಿನ ಸುತ್ತ ಉಕ್ಕಿನ ಬಳೆ, ಎಲುಬಿನೊಳಗೆ ತಂತಿ ಹಾಕಿ ಈ ಲೆಕ್ಕವನ್ನು ಪಳಗಿಸಿದರು. ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ನಾಲ್ಕು ಕಂತಿನಲ್ಲಿ ಕೊಟ್ಟರೆ ಎಲುಬು ಚೆನ್ನಾಗಿ ಬರುತ್ತದೆ ಎಂದು ತೋರಿಸಿದ್ದು ಅವರೇ. ಬೈಕ್ ಅಪಘಾತವಾದವರ ಕಾಲಿಗೆ ಬಳೆ ಬಳೆಯಾಗಿ ಹಾಕಿರುತ್ತಾರಲ್ಲ, ಆ ರಿಂಗ್ ಅವರ ಹೆಸರಿನದು. ದವಡೆಗೆ ಬಂದದ್ದು ಬಹಳ ತಡವಾಗಿ. 1973ರಲ್ಲಿ ಸ್ನೈಡರ್ ನಾಯಿಯ ದವಡೆಯ ಮೇಲೆ ಮಾಡಿ ನೋಡಿದರು. ಮಕ್ಕಳ ದವಡೆಯನ್ನು ಹೀಗೆ ಬೆಳೆಸಿದ್ದನ್ನು ನ್ಯೂಯಾರ್ಕಿನ ಮೆಕಾರ್ಥಿ 1992ರಲ್ಲಿ ಪ್ರಕಟಿಸಿದರು. ಮೊದಲ ವರದಿಯಲ್ಲಿ ಇದ್ದದ್ದು ನಾಲ್ಕೇ ಮಕ್ಕಳು.

ವಾಡಿ ಟೇಲರ್ | ಜೂನ್ 10, ರಾತ್ರಿ 9:48

ಡಾಕ್ಟರ್ ಸಾಹೇಬರೇ, ಮಗ್ಗದ ಮಾತು ತಲೆಗೆ ಹೋಯಿತು. ನನ್ನ ಭಾವಮೈದುನ ಇನ್ನೊಂದು ಕೇಳುತ್ತಾನೆ. ಪಕ್ಕೆಲುಬು ತೆಗೆದು ದವಡೆಗೆ ಕೂಡಿಸುವ ಆಪರೇಷನ್ ಇದೆಯಂತೆ. ಒಂದೇ ಸಲಕ್ಕೆ ಮುಗಿಯುವುದಾದರೆ ಈ ಸ್ಕ್ರೂವಿನ ತಾಪತ್ರಯ ಏಕೆ?

ದವಡೆ ವೈದ್ಯ, ಕಲಬುರಗಿ | ಜೂನ್ 11, ಬೆಳಿಗ್ಗೆ 6:10

ಇದೆ, ಈಗಲೂ ಮಾಡುತ್ತೇವೆ. ಪಕ್ಕೆಲುಬಿನ ತುದಿಯಲ್ಲಿ ಮೃದ್ವಸ್ಥಿ ಇರುವುದರಿಂದ ಅದು ಮಗುವಿನ ಜೊತೆ ಬೆಳೆಯುತ್ತದೆ ಎಂಬ ಆಸೆ. ಬೆಳೆಯುವುದೂ ಉಂಟು, ನಿಂತುಬಿಡುವುದೂ ಉಂಟು, ಮಿತಿಮೀರಿ ಬೆಳೆದು ಗದ್ದವನ್ನು ಮತ್ತೊಂದು ಕಡೆಗೆ ತಳ್ಳುವುದೂ ಉಂಟು. ಅದರ ಮನಸ್ಸು ನಮಗೆ ತಿಳಿಯುವುದಿಲ್ಲ. ಇನ್ನೊಂದು ಮಾತು, ಒಂದೇ ಸಲಕ್ಕೆ ಒಂದೂವರೆ ಸೆಂಟಿಮೀಟರ್ ಮುಂದೆ ತಂದರೆ ಚರ್ಮ, ಸ್ನಾಯು, ನರ ಯಾವುದೂ ಸಿದ್ಧವಿರುವುದಿಲ್ಲ, ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ಮೆಲ್ಲಗೆ ಎಳೆದರೆ ಅವೂ ಜೊತೆಗೆ ಉದ್ದವಾಗುತ್ತವೆ.

ಶಹಾಪುರ ಮಾಸ್ತರ | ಜೂನ್ 12, ರಾತ್ರಿ 8:30

ನಾನು ಯಾದಗಿರಿ ಜಿಲ್ಲೆಯವನು, ಪ್ರಾಥಮಿಕ ಶಾಲೆಯ ಶಿಕ್ಷಕ. ನನ್ನ ಮಗಳಿಗೆ ಮಾಡಿಸಿ ಎರಡು ವರ್ಷವಾಯಿತು. ಅವಳದು ಒಂದೇ ಕಡೆ, ಬಲಗಡೆ. ನಮಗೆ ಬಲಗಡೆ ಎಂದು ತಿಳಿದದ್ದೇ ತಡವಾಗಿ. ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆ ಚಪ್ಪಟೆ, ಬಲಗೆನ್ನೆ ತುಂಬಿಕೊಂಡು ದುಂಡಗೆ. ನಾವು ಎರಡು ವರ್ಷ ಚಪ್ಪಟೆಯಾದ ಕಡೆಗೇ ಎಣ್ಣೆ ಹಚ್ಚಿದೆವು. ವೈದ್ಯರು ನಕ್ಕು, ಚಪ್ಪಟೆಯಾದದ್ದು ಒಳ್ಳೆಯ ದವಡೆ, ಅದು ಉದ್ದ ಬೆಳೆದು ಗದ್ದವನ್ನು ಕೆಟ್ಟ ಕಡೆಗೆ ತಳ್ಳಿದೆ, ಕೆಟ್ಟ ಕಡೆ ಮೂಳೆ ಗಿಡ್ಡವಾಗಿ ಮಾಂಸವೆಲ್ಲ ಒಟ್ಟುಗೂಡಿ ದುಂಡಗೆ ಕಾಣುತ್ತದೆ ಎಂದರು. ಇದನ್ನು ಬರೆಯುವುದು ಯಾರಿಗಾದರೂ ಉಪಯೋಗವಾಗಲಿ ಎಂದು: ಗದ್ದ ಯಾವ ಕಡೆ ವಾಲಿದೆಯೋ ಆ ಕಡೆಯ ಕೀಲು ನೋಡಿಸಿ.

ಈಗ ಸ್ಕ್ರೂ ವಿಷಯ. ಟೇಲರ್ ಅಣ್ಣಾವರೇ, ಇದನ್ನು ಎರಡು ಸಲ ಓದಿ.

ಮಗಳ ದವಡೆಯ ಕೆಳಗೆ ಚರ್ಮದಿಂದ ಒಂದು ಲೋಹದ ಕಡ್ಡಿ ಹೊರಗೆ ಬಂದಿತ್ತು, ಅಗರಬತ್ತಿಯ ಕಡ್ಡಿಗಿಂತ ಸ್ವಲ್ಪ ದಪ್ಪ. ಅದರ ತುದಿಗೆ ಕೀಲಿ ಹಾಕಿ ತಿರುಗಿಸಬೇಕು. ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಗದ್ದಲ. ಕಿರಿಯ ವೈದ್ಯರೊಬ್ಬರು ಮಗಳ ಎದುರಿಗೆ ನಿಂತು, ಗಾಳಿಯಲ್ಲಿ ಬೆರಳು ಸುತ್ತಿ "ಹೀಗೆ" ಎಂದು ತೋರಿಸಿ ಹೋದರು. ನಾನು ಮನೆಯಲ್ಲಿ ಮಗಳ ಹಿಂದೆ ಕುಳಿತು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿದೆ. ಎದುರಿನಿಂದ ನೋಡಿದ "ಹೀಗೆ" ಹಿಂದಿನಿಂದ ತಿರುಗಿಸಿದಾಗ ಉಲ್ಟಾ ಆಗಿತ್ತು. ಮೂರು ಸಲ ಉಲ್ಟಾ ತಿರುಗಿಸಿದ್ದೇನೆ. ನಾಲ್ಕನೆಯ ಸಲ ಕೀಲಿ ಬಿಗಿಯಾಗಿ ನಿಂತಾಗ ಸಂಶಯ ಬಂದು ಫೋನ್ ಮಾಡಿದೆ. ಬಸ್ಸು ಹತ್ತಿ ಓಡಿದೆವು. ಎಕ್ಸ್‌ರೇ ತೆಗೆದು, ಬಿರುಕು ಮತ್ತೆ ಮುಚ್ಚಿಕೊಂಡಿದೆ, ಹೆಚ್ಚು ದಿನ ಕಳೆದಿಲ್ಲವಾದ್ದರಿಂದ ಪರವಾಗಿಲ್ಲ ಎಂದರು. ಒಂದು ವಾರ ಬಿಟ್ಟಿದ್ದರೆ ಮತ್ತೆ ಕತ್ತರಿಸಬೇಕಾಗುತ್ತಿತ್ತು. ಮಕ್ಕಳಿಗೆ ಗಡಿಯಾರದ ಮುಳ್ಳಿನ ದಿಕ್ಕು ಕಲಿಸುವವನು ನಾನು!

ಅಂದಿನಿಂದ ಹೀಗೆ ಮಾಡಿದೆ. ಆಸ್ಪತ್ರೆಯಲ್ಲಿ ನಾನೇ ಕೀಲಿ ಹಿಡಿದು, ಮನೆಯಲ್ಲಿ ಕೂರುವ ಹಾಗೆಯೇ ಕುಳಿತು, ಅವರ ಕಣ್ಣೆದುರೇ ಒಂದು ಸುತ್ತು ತಿರುಗಿಸಿ ತೋರಿಸಿದೆ. ನನ್ನ ಹೆಂಡತಿ ಅದನ್ನು ಮೊಬೈಲಿನಲ್ಲಿ ಹಿಡಿದಳು. ಕೆನ್ನೆಯ ಮೇಲಿನ ಪಟ್ಟಿಯ ಮೇಲೆ ಬಾಲ್‌ಪೆನ್ನಿನಿಂದ ಬಾಣದ ಗುರುತು ಹಾಕಿಸಿಕೊಂಡೆ. ಕೀಲಿಯ ಹಿಡಿಗೆ ಕೆಂಪು ದಾರ ಕಟ್ಟಿದೆ, ದಾರ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದರೆ ಒಂದು ಸುತ್ತು. ನಮ್ಮ ಸಾಧನದಲ್ಲಿ ಪೂರ್ತಿ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್. ಬೇರೆ ಸಾಧನದಲ್ಲಿ ಬೇರೆ ಲೆಕ್ಕ ಇರುತ್ತದೆ, ನನ್ನದನ್ನು ನೋಡಿ ತಿರುಗಿಸಬೇಡಿ.

ರಾತ್ರಿಪಾಳಿ ಸಿಸ್ಟರ್ | ಜೂನ್ 13, ಬೆಳಗಿನ ಜಾವ 4:50

ಮಾಸ್ತರ್ ಬರೆದದ್ದು ಅಕ್ಷರಶಃ ನಿಜ. ಬಿಡುಗಡೆಯ ಚೀಟಿಯಲ್ಲಿ ದಿಕ್ಕು, ಸುತ್ತು, ಎಷ್ಟು ದಿನ ಎಂಬ ಮೂರೂ ಬರೆದಿಲ್ಲದಿದ್ದರೆ ಚೀಟಿ ತೆಗೆದುಕೊಳ್ಳಬೇಡಿ. ನಾವು ಬೈದುಕೊಂಡರೂ ಸರಿ.

ಕಡ್ಡಿ ಚರ್ಮದಿಂದ ಹೊರಬರುವ ಜಾಗ ದಿನಕ್ಕೆರಡು ಸಲ ಸ್ವಚ್ಛವಾಗಬೇಕು. ಆಸ್ಪತ್ರೆ ಕೊಟ್ಟ ದ್ರವದಲ್ಲಿ ಹತ್ತಿ ಅದ್ದಿ, ಕಡ್ಡಿಯ ಬುಡದಿಂದ ಹೊರಕ್ಕೆ ಒರೆಸಿ. ಹೊರಗಿನ ಕೊಳೆಯನ್ನು ಬುಡಕ್ಕೆ ತರಬೇಡಿ. ನಮ್ಮ ಕಡೆಯ ಬಿಸಿಲಿಗೆ ಬೆವರು ಇಳಿದು ಅಲ್ಲಿಯೇ ನಿಲ್ಲುತ್ತದೆ. ಅರಿಶಿನ, ಬೂದಿ, ಕೊಬ್ಬರಿ ಎಣ್ಣೆ ಬೇಡ. ಸ್ವಲ್ಪ ತಿಳಿನೀರು ಬರುವುದು ಸಹಜ. ಕೀವು, ಕೆಂಪು, ಜ್ವರ ಬಂದರೆ ಮರುದಿನಕ್ಕೆ ಕಾಯಬೇಡಿ. ಕೆಳತುಟಿ ಜೋಮು ಹಿಡಿದಂತೆ ಇದ್ದರೆ ಹೆದರಬೇಡಿ, ದವಡೆಯೊಳಗೆ ಹಾದುಹೋಗುವ ನರವೂ ಎಳೆಯಲ್ಪಡುತ್ತದೆ. ಹೆಚ್ಚಿನವರಿಗೆ ಮರಳಿ ಬರುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಬಿಸಿ ಗಂಜಿ ತುಟಿಗೆ ಸುಟ್ಟರೂ ಮಗುವಿಗೆ ತಿಳಿಯುವುದಿಲ್ಲ, ನೀವು ಮುಟ್ಟಿ ನೋಡಿ ಕೊಡಿ.

ಭಾಲ್ಕಿ ಅವ್ವ | ಜೂನ್ 13, ಮಧ್ಯಾಹ್ನ 3:15

ನನ್ನ ಮಗುವಿಗೆ ಮಾಡಿಸಿದಾಗ ಅವನಿಗೆ ಇಪ್ಪತ್ತಾರು ದಿನ. ಹುಟ್ಟುವಾಗಲೇ ಗದ್ದ ಇರಲಿಲ್ಲ ಎನ್ನುವಷ್ಟು ಚಿಕ್ಕದು, ಅಂಗುಳ ಸೀಳಿತ್ತು, ನಾಲಿಗೆ ಗಂಟಲಿಗೆ ಬೀಳುತ್ತಿತ್ತು. ಪಿಯರ್ ರೋಬಿನ್ ಎಂದು ಹೆಸರು ಹೇಳಿದರು. ಬೋರಲು ಮಲಗಿಸಿದರೆ ಉಸಿರು, ಅಂಗಾತ ಮಲಗಿಸಿದರೆ ಮೈ ನೀಲಿ. ಎಷ್ಟೋ ಮಕ್ಕಳಿಗೆ ಬೋರಲು ಮಲಗಿಸುವುದರಲ್ಲೇ, ಇಲ್ಲವೇ ಮೂಗಿನಿಂದ ನಳಿಕೆ ಇಳಿಸುವುದರಲ್ಲೇ ಸುಧಾರಿಸುತ್ತದಂತೆ. ನಮಗೆ ಆಗಲಿಲ್ಲ. ಕುತ್ತಿಗೆಗೆ ತೂತು ಮಾಡಿ ನಳಿಕೆ ಇಡುವುದು ಇಲ್ಲವೇ ಇದು, ಎರಡರಲ್ಲಿ ಒಂದು ಎಂದರು. ನನ್ನ ಅತ್ತೆ, "ಕುತ್ತಿಗೆಗೆ ತೂತು ಮಾಡಿ ಕಳಿಸಿದರೆ ಈ ಧೂಳಿನ ಊರಿನಲ್ಲಿ ಕೂಸನ್ನು ಹೇಗೆ ಕಾಯುವುದು? ಅದು ಬೇಡ, ಇದನ್ನೇ ಮಾಡಿಸು" ಎಂದರು. ಓದು ಬಾರದ ಹೆಂಗಸು, ಅವರೊಬ್ಬರೇ ಧೈರ್ಯ ಹೇಳಿದ್ದು.

ಕೂಸುಗಳಿಗೆ ಐದು ದಿನ ಕಾಯುವುದಿಲ್ಲ, ಎಲುಬು ಬೇಗ ಕೂಡುತ್ತದೆ ಎಂದು ಮರುದಿನವೇ ತಿರುಗಿಸಲು ಶುರು ಮಾಡಿದರು. ದಿನಕ್ಕೆ ಒಂದಕ್ಕಿಂತ ಹೆಚ್ಚು ಮಿಲಿಮೀಟರ್. ಆಸ್ಪತ್ರೆಯಲ್ಲಿ ಅವರೇ ತಿರುಗಿಸಿದ್ದು. ಎಂಟನೆಯ ದಿನ ಅಂಗಾತ ಮಲಗಿ ಕೈಕಾಲು ಆಡಿಸಿದ. ಅಂಗುಳದ ಸೀಳನ್ನು ಒಂದು ವರ್ಷದ ಹೊತ್ತಿಗೆ ಬೇರೆಯಾಗಿ ಹೊಲಿದರು. ಈಗ ನಾಲ್ಕು ವರ್ಷ. ದವಡೆಯ ಕೆಳಗೆ ಎರಡು ಸಣ್ಣ ಗೆರೆಗಳಿವೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತವೆ. ಬಾಯಿ ಮುಚ್ಚುವುದೇ ಇಲ್ಲ, ಅಷ್ಟು ಮಾತು.

ಕನ್ನಡಿ ಮುಂದೆ | ಜೂನ್ 14, ರಾತ್ರಿ 11:40

ನನಗೆ 22. ಗದ್ದ ಸ್ವಲ್ಪ ಒಳಗಿದೆ. ಫೋಟೋದಲ್ಲಿ ಪಕ್ಕದಿಂದ ಚೆನ್ನಾಗಿ ಕಾಣುವುದಿಲ್ಲ. ಈ ಸ್ಕ್ರೂ ಹಾಕಿಸಿಕೊಂಡು ಒಂದು ಸೆಂಟಿಮೀಟರ್ ಬೆಳೆಸಬಹುದೇ? ಉಪಾಯವಿದ್ದರೆ ಮನೆಯಲ್ಲೇ ಮಾಡುವ ವ್ಯಾಯಾಮವಾದರೂ ಹೇಳಿ.

ದವಡೆ ವೈದ್ಯ, ಕಲಬುರಗಿ | ಜೂನ್ 15, ಬೆಳಿಗ್ಗೆ 6:20

ತಮ್ಮಾ, ವ್ಯಾಯಾಮದಿಂದ ದವಡೆಯ ಮೂಳೆ ಉದ್ದವಾಗುವುದಿಲ್ಲ. ಬೆಳವಣಿಗೆ ಮುಗಿದವರಿಗೆ ಕೆಲವು ಮಿಲಿಮೀಟರ್ ಮುಂದೆ ತರಲು ಸಾಮಾನ್ಯವಾಗಿ ಈ ದಾರಿ ಹಿಡಿಯುವುದಿಲ್ಲ. ದವಡೆಯನ್ನು ಸೀಳಿ ಒಂದೇ ಸಲಕ್ಕೆ ಸರಿಸಿ ಪ್ಲೇಟು ಕೂಡಿಸುತ್ತಾರೆ, ಅದಕ್ಕೂ ಮೊದಲು ಹಲ್ಲಿಗೆ ತಂತಿ ಹಾಕಿ ತಿಂಗಳುಗಟ್ಟಲೆ ಸಿದ್ಧಪಡಿಸುತ್ತಾರೆ. ಗದ್ದದ ತುದಿಯೊಂದನ್ನೇ ಸರಿಸುವ ಸಣ್ಣ ಆಪರೇಷನ್ ಕೂಡ ಇದೆ. ರಾತ್ರಿ ಉಸಿರುಗಟ್ಟುತ್ತದೆಯೇ, ಕಚ್ಚಿದಾಗ ಹಲ್ಲುಗಳು ಕೂಡುತ್ತವೆಯೇ ಎಂದು ಮೊದಲು ತೋರಿಸಿಕೊಳ್ಳಿ. ಎರಡೂ ಇಲ್ಲದಿದ್ದರೆ ಫೋಟೋವನ್ನು ಎದುರಿನಿಂದ ತೆಗೆಸಿಕೊಳ್ಳುವುದೇ ಅಗ್ಗ.

ಗುರುಮಠಕಲ್ ಅಕ್ಕ | ಜೂನ್ 15, ಬೆಳಿಗ್ಗೆ 10:05

ನನ್ನ ಹನ್ನೊಂದು ವರ್ಷದ ಮಗಳಿಗೆ ಅಂಗುಳದಲ್ಲಿ ಸ್ಕ್ರೂ ಕೂಡಿಸಿದ್ದಾರೆ, ದಿನಾ ಕೀಲಿ ತಿರುಗಿಸಲು ಹೇಳಿದ್ದಾರೆ. ಅದೂ ಇದೇನಾ? ನಾಲ್ಕೇ ದಿನದಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಕಿಂಡಿ ಬಿದ್ದಿದೆ, ಹೆದರಿಕೆಯಾಗುತ್ತಿದೆ.

ದಂತ ಕಾಲೇಜು ಎರಡನೆಯ ಸಾಲು | ಜೂನ್ 15, ಮಧ್ಯಾಹ್ನ 2:00

ಅಕ್ಕಾವರೇ, ಅದು ಇದರ ಸೋದರಸಂಬಂಧಿ. ಮೇಲಿನ ದವಡೆ ಎರಡು ಹೋಳು. ಅಂಗುಳದ ನಡುವೆ ಒಂದು ಸಂಧಿ ಇರುತ್ತದೆ, ಚಿಕ್ಕವರಲ್ಲಿ ಅದು ಇನ್ನೂ ಬೆಸೆದಿರುವುದಿಲ್ಲ. ಕತ್ತರಿಸದೆಯೇ ಸ್ಕ್ರೂ ಅದನ್ನು ಅಗಲಿಸುತ್ತದೆ, ಸಾಮಾನ್ಯವಾಗಿ ಒಂದು ತಿರುವಿಗೆ ಕಾಲು ಮಿಲಿಮೀಟರ್. ಅಮೆರಿಕದ ಏಂಜೆಲ್ ಎಂಬ ದಂತವೈದ್ಯರು 1860ರಲ್ಲೇ ಇದನ್ನು ಬರೆದರು, ಆಗ ಯಾರೂ ನಂಬಲಿಲ್ಲ. ಕಿಂಡಿ ಬಿದ್ದಿದೆ ಎಂದರೆ ಸಂಧಿ ತೆರೆದಿದೆ ಎಂದೇ ಅರ್ಥ, ಒಳ್ಳೆಯ ಸುದ್ದಿ. ಆಮೇಲೆ ಅದು ತಾನಾಗಿಯೇ ಕೂಡುತ್ತಾ ಬರುತ್ತದೆ. ದೊಡ್ಡವರಾದರೆ ಮಾತ್ರ ಸಂಧಿ ಬೆಸೆದಿರುವುದರಿಂದ ಆಪರೇಷನ್ನಿನ ನೆರವು ಬೇಕು.

ವಾಡಿ ಟೇಲರ್ | ಜೂನ್ 16, ರಾತ್ರಿ 10:30

ಮನಸ್ಸು ಗಟ್ಟಿ ಮಾಡಿದ್ದೇವೆ. ಎಲ್ಲಿ ಮಾಡಿಸುವುದು, ಏನು ಕೇಳುವುದು ಎಂದು ಇನ್ನೊಂದು ಸ್ವಲ್ಪ ಹೇಳಿ. ಕಾರ್ಡ್ ಇದೆ, ಬಿಪಿಎಲ್.

ದವಡೆ ವೈದ್ಯ, ಕಲಬುರಗಿ | ಜೂನ್ 17, ಬೆಳಿಗ್ಗೆ 6:40

ಮೊದಲ ಪ್ರಶ್ನೆ ದವಡೆಯ ಬಗ್ಗೆ ಅಲ್ಲ, ಅರಿವಳಿಕೆಯ ಬಗ್ಗೆ. ಬಾಯಿ ತೆರೆಯದ ಮಗುವಿಗೆ ಉಸಿರಿನ ನಳಿಕೆಯನ್ನು ಬಾಯಿಯಿಂದ ಇಳಿಸಲಾಗುವುದಿಲ್ಲ. ಮೂಗಿನಿಂದ, ತೆಳ್ಳನೆಯ ಕ್ಯಾಮೆರಾದ ದಾರಿಯಲ್ಲಿ ಇಳಿಸಬೇಕು. ಮಕ್ಕಳಿಗೆ ಆ ಕ್ಯಾಮೆರಾ ಇದೆಯೇ, ಅದನ್ನು ನಿತ್ಯ ಬಳಸುವ ಅರಿವಳಿಕೆ ತಜ್ಞರಿದ್ದಾರೆಯೇ, ಮಕ್ಕಳ ತೀವ್ರ ನಿಗಾ ಘಟಕ ಇದೆಯೇ ಎಂದು ಕೇಳಿ. ಇಲ್ಲ ಎಂದರೆ, ಶಸ್ತ್ರವೈದ್ಯರು ಎಷ್ಟೇ ನಿಪುಣರಾಗಿದ್ದರೂ, ಮುಂದಿನ ಊರಿಗೆ ಹೋಗಿ. ರಾತ್ರಿಯ ನಿದ್ದೆಯ ಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್ ಮೊದಲೇ ಆಗಬೇಕು. ಬೆಳೆಯುವ ಹಲ್ಲಿನ ಮೊಗ್ಗುಗಳು ದವಡೆಯೊಳಗೆ ಎಲ್ಲಿವೆ ಎಂದು ನೋಡಿಯೇ ಕತ್ತರಿಸುವ ಗೆರೆ ನಿರ್ಧರಿಸುತ್ತಾರೆ.

ಪರೀಕ್ಷೆಗೆಂದು ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲೇ ನಿಜಲಿಂಗಪ್ಪ ದಂತ ಕಾಲೇಜಿದೆ, ಸೇಡಂ ರಸ್ತೆಯಲ್ಲಿ ಇಎಸ್‌ಐಸಿ ದಂತ ಕಾಲೇಜು ಇದೆ. ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆ ವಿಭಾಗ ಎಂದು ಕೇಳಿ. ಮುಖ ಮತ್ತು ತಲೆಬುರುಡೆಯ ಕೆಲಸಕ್ಕೆ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಘಟಕಕ್ಕೂ ನಮ್ಮ ಕಡೆಯವರು ಹೋಗುತ್ತಾರೆ.

ಶಹಾಪುರ ಮಾಸ್ತರ | ಜೂನ್ 17, ರಾತ್ರಿ 9:00

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಇದೆ. ಆದರೆ ಆಪರೇಷನ್ ಯೋಜನೆಯಲ್ಲಿ ಸೇರಿದ್ದರೆ ಸಾಧನದ ಬೆಲೆಯೂ ಸೇರಿತು ಎಂದು ತಿಳಿಯಬೇಡಿ. ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕೆ ಕೂರುವ ಆರೋಗ್ಯ ಮಿತ್ರರ ಮೇಜಿನ ಮುಂದೆ ಕುಳಿತು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಹೋಗಿ ನಾನು ಎರಡು ದಿನ ಮತ್ತು ಒಂದು ರಜೆ ಕಳೆದುಕೊಂಡೆ.

ವಾಡಿ ಟೇಲರ್ | ಜುಲೈ 24, ರಾತ್ರಿ 11:10

ಜುಲೈ 14ರಂದು ಆಪರೇಷನ್ ಆಯಿತು. 19ರಿಂದ ತಿರುಗಿಸುತ್ತಿದ್ದೇವೆ. ಬೆಳಿಗ್ಗೆ ಒಂದು ಸುತ್ತು, ರಾತ್ರಿ ಒಂದು ಸುತ್ತು, ಎರಡೂ ಕಡೆ. ಮಾಸ್ತರರೇ, ಚೀಟಿಯಲ್ಲಿ ಮೂರೂ ಬರೆಸಿಕೊಂಡೆ. ನೀವು ಹೇಳದಿದ್ದರೆ ಕೇಳುವ ಬುದ್ಧಿ ನನಗೆ ಬರುತ್ತಿರಲಿಲ್ಲ.

ಅಂಗಡಿಯ ಅಳತೆ ಪುಸ್ತಕದಲ್ಲಿ ಅವನಿಗೊಂದು ಹಾಳೆ. ಎಡ, ಬಲ, ಬೆಳಿಗ್ಗೆ, ರಾತ್ರಿ, ನಾಲ್ಕು ಮನೆ. ತಿರುಗಿಸಿದವರು ಅಲ್ಲಿಯೇ ಸಹಿ ಹಾಕಬೇಕು. ಮೊದಲ ದಿನ ನನ್ನ ಕೈ ನಡುಗಿತು, ಸೂಜಿಗೆ ದಾರ ಪೋಣಿಸುವ ಕೈ ಇದು. ಮೂರನೆಯ ದಿನದಿಂದ ಹೆಂಡತಿಯೇ ತಿರುಗಿಸುತ್ತಾಳೆ. ನಾನು ಎಣಿಸುತ್ತೇನೆ. ನೋವು ಇಲ್ಲ, ಬಿಗಿತ ಇದೆ ಎನ್ನುತ್ತಾನೆ ಹುಡುಗ. ಜೋಳದ ಅಂಬಲಿ ಸೋಸಿ, ಬೇಳೆಯ ಕಟ್ಟು, ಹಾಲು, ಮೊಟ್ಟೆ ಕಲಸಿದ್ದು, ಎಲ್ಲವನ್ನೂ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ.

ವಾಡಿ ಟೇಲರ್ | ಜುಲೈ 30, ಬೆಳಿಗ್ಗೆ 5:30

ನಿನ್ನೆ ರಾತ್ರಿ ಗೊರಕೆ ಕೇಳಲಿಲ್ಲ. ಹನ್ನೊಂದನೆಯ ದಿನ. ಕೇಳದ್ದಕ್ಕೇ ಹೆದರಿ ಹೆಂಡತಿ ಎದ್ದು ಅವನ ಮೂಗಿನ ಹತ್ತಿರ ಅಂಗೈ ಹಿಡಿದು ಕುಳಿತಿದ್ದಳು. ನಾನೂ ಎದ್ದೆ. ಅವನು ಮಲಗಿದ್ದ, ಗೋಡೆ ಬಿಟ್ಟು, ಕಾಲು ಚಾಚಿ. ನಾವಿಬ್ಬರೂ ಆಮೇಲೆ ನಿದ್ದೆ ಮಾಡಲಿಲ್ಲ.

ತೊಗರಿ ಹೊಲ | ಜುಲೈ 30, ಬೆಳಿಗ್ಗೆ 7:15

ಇದನ್ನು ಓದಿ ನನ್ನ ಮನೆಯವಳಿಗೂ ಓದಿ ಹೇಳಿದೆ. ನನ್ನ ಎಣ್ಣೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಭುಜದ ವಿಷಯದಲ್ಲಿ ಮಾತ್ರ ಇಲ್ಲ.

ವಾಡಿ ಟೇಲರ್ | ಆಗಸ್ಟ್ 3, ರಾತ್ರಿ 9:20

ನಿನ್ನೆಗೆ ನಿಲ್ಲಿಸಿದೆವು. ಹದಿನೈದು ದಿನ, ಒಂದೊಂದು ಕಡೆ ಮೂವತ್ತು ಸುತ್ತು, ಹದಿನೈದು ಮಿಲಿಮೀಟರ್. ಎಕ್ಸ್‌ರೇಯಲ್ಲಿ ನಡುವಿನ ಜಾಗ ಮಸುಕು ಮೋಡದಂತೆ ಕಾಣುತ್ತದೆ, ಅದೇ ಹೊಸ ಎಲುಬಿನ ಶುರು ಎಂದರು. ಸ್ವಲ್ಪ ಹಿಂದೆ ಸರಿಯಬಹುದೆಂದು ಬೇಕಾದ್ದಕ್ಕಿಂತ ತುಸು ಹೆಚ್ಚೇ ಎಳೆದಿದ್ದಾರೆ. ಇನ್ನು ಮೂರು ತಿಂಗಳು ಕೀಲಿಯನ್ನು ಮುಟ್ಟುವಂತಿಲ್ಲ. ಕೀಲಿಯನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ, ನಾನು ಏನೂ ಹೇಳಲಿಲ್ಲ.

ರಾತ್ರಿಪಾಳಿ ಸಿಸ್ಟರ್ | ಆಗಸ್ಟ್ 4, ಬೆಳಗಿನ ಜಾವ 3:40

ಈ ಮೂರು ತಿಂಗಳೇ ಜನ ಸಡಿಲ ಬಿಡುವುದು. ಮುಗಿಯಿತು ಎಂದುಕೊಳ್ಳುತ್ತಾರೆ, ಕಡ್ಡಿಯ ಬುಡ ತೊಳೆಯುವುದನ್ನು ಬಿಡುತ್ತಾರೆ, ಹುಡುಗರು ಕ್ರಿಕೆಟ್‌ಗೆ ಹೋಗುತ್ತಾರೆ. ಚೆಂಡು ಬಡಿದು ಸಾಧನ ಸಡಿಲವಾದ ಹುಡುಗನನ್ನು ನಾನು ನೋಡಿದ್ದೇನೆ.

ವಾಡಿ ಟೇಲರ್ | ನವೆಂಬರ್ 22, ರಾತ್ರಿ 10:00

ನವೆಂಬರ್ 10ರಂದು ಎರಡನೆಯ ಆಪರೇಷನ್. ಸಾಧನ ತೆಗೆದರು, ಅದೇ ಸಲಕ್ಕೆ ಎರಡೂ ಕೀಲು ಬಿಡಿಸಿ ಮತ್ತೆ ಬೆಸೆಯದಿರಲೆಂದು ನಡುವೆ ಅವನದೇ ಸ್ನಾಯುವಿನ ಪದರ ಇಟ್ಟರು. ಟೇಬಲ್ ಮೇಲೆ 34 ಮಿಲಿಮೀಟರ್ ತೆರೆಯಿತಂತೆ. ಮನೆಗೆ ಬರುವ ಹೊತ್ತಿಗೆ ಬಾವಿನಿಂದ 18.

ಮೊದಲಿನ ಸ್ಕ್ರೂ ಈ ಬಾಯಿ ತೆರೆಯುವ ವ್ಯಾಯಾಮದ ಮುಂದೆ ಏನೂ ಅಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟಾಗಿ ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು. ದಿನಕ್ಕೆ ಆರು ಸಲ. ಅಳುತ್ತಾನೆ, ಕಡ್ಡಿ ಉಗುಳುತ್ತಾನೆ, ನನ್ನನ್ನು ಬೈಯುತ್ತಾನೆ. ಬಾಯಿ ತೆರೆದು ಬೈಯುತ್ತಾನೆ. ನಿನ್ನೆ ನಾನೇ ಒಂದು ಸಲ ತಪ್ಪಿಸಿದೆ, ನೋಡಲಾಗಲಿಲ್ಲ.

ದವಡೆ ವೈದ್ಯ, ಕಲಬುರಗಿ | ನವೆಂಬರ್ 23, ಬೆಳಿಗ್ಗೆ 6:15

ತಪ್ಪಿಸಬೇಡಿ. ಹೇಳಿಕೊಟ್ಟ ನೋವಿನ ಔಷಧವನ್ನು ಅರ್ಧ ಗಂಟೆ ಮೊದಲು ಕೊಟ್ಟು ಮಾಡಿಸಿ. ಕೀಲು ಮತ್ತೆ ಬೆಸೆಯುವುದಕ್ಕೆ ವ್ಯಾಯಾಮ ಬಿಡುವುದೇ ದೊಡ್ಡ ಕಾರಣ. ಇನ್ನೂ ತಿಂಗಳುಗಟ್ಟಲೆ ನಡೆಯಬೇಕು. ಅವನು ಬೆಳೆಯುವ ಹುಡುಗ, ಹದಿಹರೆಯದಲ್ಲಿ ಗದ್ದ ಮತ್ತೆ ಹಿಂದೆ ಬಿದ್ದರೆ ಇನ್ನೊಂದು ಸಲ ನೋಡಬೇಕಾಗಬಹುದು, ಇದನ್ನು ಈಗಲೇ ಹೇಳಿಬಿಡುತ್ತೇನೆ.

ಹಾಗೆಯೇ, ಈ ಪುಟವನ್ನು ಓದುವ ಉಳಿದವರಿಗೆ: ಚಿಕ್ಕ ಮಗು ಗದ್ದ ಊರಿ ಬಿದ್ದರೆ ಹೊಲಿಗೆಯ ಜೊತೆಗೆ ಕಿವಿಯ ಮುಂದಿನ ಕೀಲಿನ ಎಕ್ಸ್‌ರೇ ಕೂಡ ಕೇಳಿ. ಪೆಟ್ಟು ಗದ್ದಕ್ಕೆ ಬಿದ್ದರೂ ಮುರಿಯುವುದು ಅಲ್ಲಿ. ಕೀವು ಸೋರುವ ಕಿವಿಯನ್ನೂ ವರ್ಷಗಟ್ಟಲೆ ಬಿಡಬೇಡಿ, ಅದೂ ಕೀಲಿಗೆ ಇಳಿಯುತ್ತದೆ.

ವಾಡಿ ಟೇಲರ್ | ಜನವರಿ 11, ರಾತ್ರಿ 8:45

ಹದಿನೈದು ಕಡ್ಡಿ. ಟೇಪಿನಲ್ಲಿ 31. ಎಡತುಟಿಯ ಮೂಲೆಯಲ್ಲಿ ಜೋಮು ಇನ್ನೂ ಸ್ವಲ್ಪ ಇದೆ, ಅನ್ನದ ಅಗುಳು ಅಂಟಿದ್ದರೂ ತಿಳಿಯುವುದಿಲ್ಲ. ಮುಂದಿನ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಅದಕ್ಕೆ ತಂತಿ ಆಮೇಲೆ ಎಂದಿದ್ದಾರೆ.

ಇವತ್ತು ಚಿತ್ತಾಪುರದ ಸಂತೆಯಲ್ಲಿ ಯಾರೋ ಸೀತನಿ, ಸುಟ್ಟ ಎಳೆ ಜೋಳದ ಕಾಳು, ಮಾರುತ್ತಿದ್ದರು. ಒಂದು ಪೊಟ್ಟಣ ತಂದೆ, ಗುರೆಳ್ಳು ಚಟ್ನಿ ಪುಡಿ ಹಾಕಿ ಕಲಸಿದೆವು. ಚಮಚ ಕೊಟ್ಟರೆ ಬೇಡವೆಂದ. ಅಂಗೈ ತುಂಬ ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಒಮ್ಮೆಲೇ ಬಾಯಿಗೆ ಹಾಕಿಕೊಂಡ. ಅರ್ಧ ಅಂಗಿಯ ಮೇಲೆ ಬಿತ್ತು.

ತೊಗರಿ ಹೊಲ | ಜನವರಿ 11, ರಾತ್ರಿ 9:30

ಸಂತೆಯ ಸೀತನಿ ಏನು ತಿನ್ನುತ್ತೀರಿ ಅಣ್ಣಾ. ನಮ್ಮ ಹೊಲದಲ್ಲಿ ತೆನೆ ಇನ್ನೂ ಹಾಲುಗಾಳಾಗಿದೆ, ಭಾನುವಾರ ಕುಳ್ಳಿನ ಬೆಂಕಿ ಹಾಕುತ್ತೇವೆ. ಹುಡುಗನನ್ನು ಕರೆದುಕೊಂಡು ಬನ್ನಿ, ಕಡ್ಡಿಗಳನ್ನೂ ತನ್ನಿ. ಇನ್ನೊಂದು ವಾರ ತಡ ಮಾಡಿದರೆ ಕಾಳು ಗಟ್ಟಿಯಾಗುತ್ತದೆ.